ಹೊಸಬರೇ ಸಾಯಬೇಕು

ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರೇ ಸಾಯಬೇಕು ಎಂಬ ರೂಲನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ನಾನು ಡಾಕ್ಟರನ್ನು ಮದುವೆಯಾಗಿ ಬೆಂಗಳೂರಿನಿಂದ ಮಧುಗಿರಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಅಷ್ಟು ಹೊತ್ತಿಗಾಗಲೇ ಅದು ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಇತ್ತು.

ಪ್ರತಿ ಬೇಸಿಗೆಯಲ್ಲೂ ಶಾಲೆಗಳಿಗೆ ರಜ ಬಿಟ್ಟ ಮೇಲೆ, ಒಂದು ಭಾನುವಾರ, ಬೆಟ್ಟದ ಬುಡದ ಕೋಟೆ ಬಾಗಿಲಲ್ಲಿ ಪಾಳೇಗಾರರ ಕಾಲದ ಮುತ್ತಿಗೆಯೊಂದನ್ನು ಊರಿನವರೇ ಸೇರಿ ಆಡಿ ತೋರಿಸುತ್ತಿದ್ದರು. ನಾಟಕವಲ್ಲ. ಸ್ಟೇಜಿಲ್ಲ, ಹಾರ್ಮೋನಿಯಂ ಇಲ್ಲ, ಹಾಡಿಲ್ಲ. ಬಿದಿರಿನ ಭರ್ಜಿ, ತಗಡಿನ ಕತ್ತಿ, ಚರ್ಮದ ಗುರಾಣಿ ಹಿಡಿದು ನಿಜವಾದ ಬಾಗಿಲಲ್ಲಿ ನಿಜವಾದ ಬೆವರು ಸುರಿಸಿ ಹೊಡೆದಾಡುವುದು. ಶತ್ರುಗಳು ಹೊರಗಿನಿಂದ ನುಗ್ಗಬೇಕು, ಬಾಗಿಲು ಕಾಯುವ ಬಂಟರು ಸಾಯಬೇಕು, ಬಾಗಿಲು ತೆರೆಯಬೇಕು. ಆಮೇಲೆ ಪಾಳೇಗಾರ ಗಂಭೀರವಾಗಿ ಇಳಿದು ಬಂದು ಬೀಗದ ಕೈ ಒಪ್ಪಿಸಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಮೊಸರನ್ನ ತಿನ್ನುವುದು.

ಇದರಲ್ಲಿ ಯಾರಿಗೂ ಬೇಡವಾದ ಪಾರ್ಟೆಂದರೆ ಬಾಗಿಲು ಕಾಯುವವರದು. ಕಾರಣ ಸರಳ. ಸತ್ತಂತೆ ಬಿದ್ದು ಎದ್ದವನು ತಲೆಗೆ ನೀರು ಹಾಕಿಕೊಳ್ಳದೆ ಯಾವ ಮನೆಯ ಹೊಸಿಲನ್ನೂ ದಾಟುವಂತಿರಲಿಲ್ಲ. ಹೆಂಡತಿಯರು ಅಪಶಕುನವೆಂದು ಅಳುತ್ತಿದ್ದರು. ಹಾಗಾಗಿ ಹಳಬರೆಲ್ಲ ಬದುಕುವ ಪಾರ್ಟುಗಳನ್ನು ಹಂಚಿಕೊಂಡು, ಸಾಯುವುದನ್ನು ಹೊಸಬರಿಗೆ ಬಿಟ್ಟಿದ್ದರು.

ಆ ಹೊಸಬರನ್ನು ಕರೆತಂದು ಸ್ವಾಗತಿಸುವ ಕೆಲಸ ನನ್ನ ತಲೆಗೆ ಬಿತ್ತು. ತಂಡದ ದಳವಾಯಿ, ಅಂದರೆ ಫೋಟೋ ಸ್ಟುಡಿಯೋ ಇಟ್ಟಿದ್ದ ಗಿರಿಜಾ ಮೀಸೆಯ ಮನುಷ್ಯ, ನಮ್ಮ ಮನೆಗೇ ಬಂದು ಹೇಳಿದರು: "ಡಾಕ್ಟ್ರಮ್ಮಾ, ನೀವು ಇಂಗ್ಲೀಷು ಓದಿರೋರು. ನೀವು ಕರುದ್ರೆ ಯಾರೂ ಇಲ್ಲ ಅನ್ನಲ್ಲ."

ನಾನು ಹಿಗ್ಗಿದೆ. ನಮ್ಮ ಕಾನ್ವೆಂಟಿನಲ್ಲಿ ಹೊಸ ಹುಡುಗಿ ಬಂದ ದಿನ ಸಿಸ್ಟರ್ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದರು. ಊಟದ ಸಾಲಿನಲ್ಲೂ ಅವಳೇ ಮುಂದೆ. ಯೂನಿಫಾರ್ಮ್ ಹೊಲಿಸಿರದ ಮಗುವಿಗೆ ಯಾರಾದರೂ ತಮ್ಮ ರಿಬ್ಬನ್ ಬಿಚ್ಚಿ ಕಟ್ಟುತ್ತಿದ್ದರು. ವೆಲ್‌ಕಮ್ ಅಂದರೆ ಅದು ಎಂದೇ ನಾನು ತಿಳಿದಿದ್ದೆ. ಕೊರಟಗೆರೆಗೆ, ಸಿರಾಕ್ಕೆ ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಸೈಕಲ್ ಶಾಪಿನ ಹುಡುಗರನ್ನು, ಆಫೀಸಿನ ಗುಮಾಸ್ತರನ್ನು ಪುಸಲಾಯಿಸಿ ಕರೆತರುತ್ತಿದ್ದೆ. ಕೆಟಲಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಕ್ಕುಲಿ ಹಿಡಿದು ಕೋಟೆ ಬಾಗಿಲಲ್ಲಿ ಕಾಯುತ್ತಿದ್ದೆ. ಅವರು ಚಕ್ಕುಲಿ ಮುರಿಯುವ ಮೊದಲೇ ದಳವಾಯಿ ಬಂದು ನಿಲ್ಲುತ್ತಿದ್ದರು.

"ಏನ್ಲಾ, ಬೀಳಾಕ್ ಬತ್ತದಾ?"

"ಬೀಳದಾ? ಯಾಕೆ ಸಾ?"

"ಮತ್ತೆ ಸಾಯದೆಂಗೆ? ಎಲ್ಲಿ, ಆ ಕಲ್ಲಿನ್ ಮ್ಯಾಲೆ ಬಿದ್ದು ತೋರ್ಸು."

ಇದು ನಮ್ಮ ಸ್ವಾಗತ! ಮೊಣಕೈ ತರಚಿಸಿಕೊಂಡು, ಒಂದು ಸಲ ಸತ್ತು ಹೋದವರು ಎರಡನೇ ವರ್ಷ ಈ ಕಡೆ ತಲೆ ಹಾಕುತ್ತಿರಲಿಲ್ಲ. ಪ್ರತಿ ವರ್ಷವೂ ನಾನು ಮೊದಲಿನಿಂದ ಶುರು ಮಾಡಬೇಕು. ಕೊರಟಗೆರೆಯ ಗುಮಾಸ್ತನೊಬ್ಬನನ್ನು ಮರುವರ್ಷ ಬಸ್ಸಿನಲ್ಲಿ ಹಿಡಿದು ಕೇಳಿದೆ. ಆತ ಕೈ ಮುಗಿದ.

"ಬುಟ್ಬುಡಿ ಮೇಡಂ. ಓದ್ಸಲ ಮನೆಗೋದ್ರೆ ನಮ್ಮವ್ವ ಬಾಗ್ಲಲ್ಲೇ ನಿಲ್ಸಿ ಕೊಡಗಟ್ಲೆ ತಣ್ಣೀರು ಹೊಯ್ದ್ಲು. ಈಗ ಹೆಣ್ಣು ಕೊಡಾಕ್ ಬಂದೋರು ಕೇಳ್ತಾವ್ರೆ, ಮಧುಗಿರೀಲಿ ಸತ್ತ್‌ಹೋದ ಗಂಡು ಇವ್ನೇನಾ ಅಂತ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ದಿನ ಮನೆಗೆ ಬಂದು, "ಹೋಪ್‌ಲೆಸ್ ಜನ" ಎಂದು ಚಪ್ಪಲಿ ಬಿಸಾಡಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ನಿನಗೆ ಏನು ಬೇಕು ಹೇಳು" ಎಂದರು. "ಒಬ್ಬರು. ಒಂದೇ ಒಬ್ಬರು ಎರಡನೇ ವರ್ಷ ವಾಪಸ್ ಬರಬೇಕು. ಅಷ್ಟೆ" ಎಂದೆ. ಹಳಬರ ಮೀಸೆಗಳು ನರೆಯುತ್ತಿದ್ದವು. ಹೊಸಬರು ನಿಲ್ಲದಿದ್ದರೆ ಕೋಟೆ ಬಾಗಿಲಿಗೆ ಆಡುಗಳೇ ಗತಿ ಎಂಬುದು ನನಗೊಬ್ಬಳಿಗೇ ಕಾಣುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮೂರಿನ ಶಾಲೆಗೆ ಒಬ್ಬ ಟೀಚರ್ ಬಂದಳು. ಪಾವಗಡ ಸೀಮೆಯವಳು, ನಿಡುಗಲ್ ಬೆಟ್ಟದ ಬುಡದಲ್ಲಿ ಬೆಳೆದವಳು. ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದವಳು, ನಮ್ಮ ಜಗುಲಿಯಲ್ಲಿ ಒಣಗಲು ಇಟ್ಟಿದ್ದ ಗುರಾಣಿಗಳನ್ನು ನೋಡಿ ಕೆಮ್ಮನ್ನೇ ಮರೆತಳು.

"ಇದೇಮಕ್ಕಾ ಇದು? ನಮ್ ಬೆಟ್ಟದ್ ಮೇಲೆ ಚಿಕ್ಕೋರಿದ್ದಾಗ ಇದೇ ಆಟ ನಮ್ಗೆ. ಮರದ ಪಟ್ಟೇನೇ ಡಾಲು. ನಂಗೂ ಒಂದು ಕತ್ತಿ ಕೊಡ್ಸಕ್ಕಾ!"

ಅಷ್ಟು ವರ್ಷಗಳಲ್ಲಿ ತಾನಾಗಿ ಕೇಳಿಕೊಂಡು ಬಂದವಳು ಇವಳೊಬ್ಬಳೇ. ನಾನು ಕೈ ಹಿಡಿದು ಎಳೆದುಕೊಂಡೇ ಹೋದೆ. ಅಭ್ಯಾಸ ನಡೆಯುತ್ತಿದ್ದ ಬಯಲಿನಲ್ಲಿ ದಳವಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ಟೀಚರಮ್ಮ ಆರ್ತಿ ತಟ್ಟೆ ಹಿಡ್ಕಂಡು ನಿಂತ್ಕಳ್ಲಿ."

"ಆರ್ತಿ ಬೇಡ ಸಾರ್. ಬಾಗ್ಲು ಕಾಯ್ತೀನಿ."

"ಬಾಗ್ಲು ಕಾಯೋರು ಸಾಯ್ಬೇಕು ಕಣಮ್ಮ."

"ಸಾಯ್ತೀನಿ."

"ಹೆಣ್ಮಗಳು ಬೀದೀಲಿ ಸತ್ತಂಗೆ ಬಿದ್ಕಳದಾ? ಕೂಡ್ದು."

"ಹಂಗಾದ್ರೆ ಸಾಯ್ದೇ ಇರೋ ಪಾರ್ಟು ಕೊಡಿ."

"ಹೊಸಬ್ರು ಸಾಯ್ದೇ ಇರಾಕಾಗಲ್ಲ. ರೂಲು."

ನಾನು ಮಧ್ಯೆ ಬಾಯಿ ಹಾಕಿದೆ. "ಹಾಗಾದರೆ ಏನು ಮಾಡಬೇಕು ಆ ಹುಡುಗಿ? ಬಿ ರೀಸನಬಲ್, ಪ್ಲೀಸ್."

"ಅದೇ ಹೇಳ್ತಿರದು ಡಾಕ್ಟ್ರಮ್ಮ. ಆರ್ತಿ."

ಸಿಟ್ಟಿಗೆ ನನ್ನ ಇಂಗ್ಲಿಷೂ ಕನ್ನಡವೂ ಒಟ್ಟಿಗೆ ಕೈಕೊಟ್ಟವು. ಅವಳು ಮಾತ್ರ ಮುನಿಸಿಕೊಳ್ಳಲಿಲ್ಲ. ದಿನಾ ಸಂಜೆ ಬಂದು ಬೇರೆಯವರ ಗುರಾಣಿ ಹೊತ್ತಳು, ಹರಿದ ಪಟ್ಟಿ ಹೊಲಿದಳು, ಹೊಡೆದಾಟವನ್ನು ಕಣ್ಣು ಮಿಟುಕಿಸದೆ ನೋಡಿದಳು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಒಂದೊಂದೇ ತಪ್ಪು ಹೇಳಿ ನಗುತ್ತಿದ್ದಳು. "ಭರ್ಜಿ ತಾಕೋಕೆ ಮುಂಚೇನೇ ಬೀಳ್ತಾರಕ್ಕಾ. ಯಾವಾಗ್ ಮುಗಿಯುತ್ತೋ ಅಂತ."

ಆ ಭಾನುವಾರ ಜನ ಬಂಡೆಗಳ ಮೇಲೆಲ್ಲ ಹತ್ತಿ ಕೂತಿದ್ದರು. ಸಿರಾದಿಂದ ಸಾಯಲು ಬರಬೇಕಿದ್ದ ಹುಡುಗರು ಬರಲಿಲ್ಲ. ಬಸ್ಸು ಬಂತು, ಕೋಳಿ ಬುಟ್ಟಿಯೊಂದು ಇಳಿಯಿತು, ಅವರು ಇಳಿಯಲಿಲ್ಲ. ಹೊರಗೆ ಶತ್ರುಗಳು ಬಿಸಿಲಲ್ಲಿ ಬೇಯುತ್ತ, "ಏಯ್, ನುಗ್ಗದಾ ಬ್ಯಾಡ್ವಾ?" ಎಂದು ಕೂಗುತ್ತಿದ್ದರು.

"ನೀವೇ ಸಾಯಿರಿ ಈ ಸಲ" ಎಂದೆ ದಳವಾಯಿಗೆ.

"ನಾನಾ! ನಮ್ಮನೆಯವ್ಳು ಅಗೋ ಎದುರ್ಗೇ ಕುಂತವ್ಳೆ, ತಾಯಿ. ಈಗ್ಲೇ ಬಳೆ ಒಡ್ಕಂಡ್ಳು ಅಂದ್ರೆ?"

ನಾವು ಹೀಗೆ ಜಗಳವಾಡುತ್ತಿರುವಾಗಲೇ ಟೀಚರ್ ತನಗೆ ಹಿಡಿಸಿದ್ದ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಸೀರೆಯನ್ನು ಕಚ್ಚೆ ಕಟ್ಟಿ, ಯಾರದೋ ಹೆಗಲ ಮೇಲಿನ ಟವೆಲನ್ನು ಎಳೆದು ರುಮಾಲು ಸುತ್ತಿ, ಭರ್ಜಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ತಡೆಯುವಷ್ಟರಲ್ಲಿ ಶತ್ರುಗಳು ನುಗ್ಗಿಬಿಟ್ಟಿದ್ದರು.

ಅವಳು ಬೇಗ ಸಾಯಲಿಲ್ಲ. ಏಟು ಬಿದ್ದ ಮೇಲೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕಾಲು ಕುಸಿದರೂ ಒಂದು ಕೈಯಲ್ಲಿ ಅಗುಳಿ ಹಿಡಿದೇ ಇದ್ದಳು. ಆ ಕೈ ಜಾರುತ್ತ ಜಾರುತ್ತ ಕಲ್ಲಿನ ಮೇಲೆ ಬಂದು ಬಿದ್ದಾಗ ಬಂಡೆಗಳ ಮೇಲಿದ್ದ ಅಷ್ಟೂ ಜನ ಉಸಿರು ಬಿಗಿಹಿಡಿದಿದ್ದರು. ಯಾವುದೋ ಹಳ್ಳಿಯ ಅಜ್ಜಿ ತಡೆಯಲಾರದೆ ಚೊಂಬು ಹಿಡಿದು ಓಡಿಬಂದಳು. "ಸಾಕು ಏಳವ್ವ, ಏಳು ಮಗಾ, ಕೋಟೆ ಹೋದ್ರೆ ಹೋಯ್ತದೆ." ಟೀಚರ್ ನಗುತ್ತ ಎದ್ದಾಗ ಬಿದ್ದ ಚಪ್ಪಾಳೆ ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಆಮೇಲೆ ಬೀಗದ ಕೈ ಒಪ್ಪಿಸಲು ಇಳಿದು ಬಂದ ಪಾಳೇಗಾರನನ್ನು ಯಾರೂ ನೋಡಲಿಲ್ಲ.

ಇವಳು ಖಂಡಿತ ಮುಂದಿನ ವರ್ಷ ಬರುತ್ತಾಳೆ ಎಂದು ನಾನು ಆ ದಿನ ಮೊಸರನ್ನ ಬಡಿಸುತ್ತ ಎಲ್ಲರಿಗೂ ಹೇಳಿದೆ. ಅವಳೂ "ಖಂಡಿತ ಅಕ್ಕಾ" ಎಂದಳು.

ಮುಂದಿನ ಬೇಸಿಗೆಯ ಮೀಟಿಂಗು ಸ್ಟುಡಿಯೋದಲ್ಲೇ ನಡೆಯಿತು. ದಳವಾಯಿ ಗಂಟಲು ಸರಿಮಾಡಿಕೊಂಡರು.

"ಸಾಯದು ಅಂದ್ರೆ ತಮಾಸೆ ಅಲ್ಲ. ಅದಕ್ಕೆ ಎಕ್ಸ್‌ಪೀರಿಯೆನ್ಸ್ ಬೇಕು. ಈ ವರ್ಷದಿಂದ ಸೀನಿಯರ್‌ಗಳು ಸಾಯ್ತಾರೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ನಿಮ್ಮ ಮನೆಯವರು ಒಪ್ಪಿದರೇ?"

"ಅವ್ಳೇ ಹೇಳಿದ್ದು! ಒಂದ್ ಹೆಂಗ್ಸು ಬಿದ್ದಿದ್ಕೆ ಅಷ್ಟು ಚಪ್ಪಾಳೆ ಬಂತು, ನಿಮ್ಗೇನ್ ಬಂದದೆ ದಾಡಿ ಅಂದ್ಲು."

"ಟೀಚರ್‌ಗೆ?"

"ಪಾಳೇಗಾರಂಗೆ ಕೊಡೆ ಹಿಡೀಲಿ. ಆಯಮ್ಮ ಹೊಸಬ್ಳಲ್ವಾ?"

"ಇದು ಎರಡನೇ ವರ್ಷ!" ನಾನು ಕಿರುಚಿದೆ. ಕಾನ್ವೆಂಟು ಬಿಟ್ಟ ಮೇಲೆ ಹಾಗೆ ಕಿರುಚಿದ್ದು ನೆನಪಿಲ್ಲ.

"ಓದ್ ವರ್ಷದ್ದು ಲೆಕ್ಕಕ್ಕಿಲ್ಲ ಡಾಕ್ಟ್ರಮ್ಮ. ಅದು ಒಪ್ಗೆ ಇಲ್ದೆ ಸತ್ತಿದ್ದು."

ಅದನ್ನು ಅವಳಿಗೆ ಹೇಳುವ ಕೆಲಸವೂ ನನ್ನದೇ. ಅವಳು ಕೇಳಿ ಜೋರಾಗಿ ನಕ್ಕಳು, ನನ್ನ ಕೈ ತಟ್ಟಿ "ಪೋನ್ಲೇ ಅಕ್ಕಾ" ಎಂದಳು. ಅಂದರೆ ಹೋಗಲಿ ಬಿಡು ಎಂದು. ರಜೆಗೆ ಊರಿಗೆ ಹೋದಳು.

ಆ ಭಾನುವಾರವೂ ನಾನು ಕೆಟಲು ಹಿಡಿದು ನಿಂತಿದ್ದೆ. ಪಾವಗಡದ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡಿದೆ. ಬಾಗಿಲಲ್ಲಿ ಹಳಬರೆಲ್ಲ ಒಬ್ಬರ ಮೇಲೊಬ್ಬರು ಸತ್ತರು. ದಳವಾಯಿಯಂತೂ ಎಷ್ಟು ಹೊತ್ತು ಸತ್ತರೆಂದರೆ ಬಂಡೆಯ ಮೇಲಿನ ಜನ ಎದ್ದು ಹೊರಡತೊಡಗಿದರು. ಕಾಫಿ ಹಿಡಿದು ದಳವಾಯಿಯನ್ನು ದಾಟಿ ಹೋಗುತ್ತಿದ್ದಾಗ ಹೆಣ ಒಂದು ಕಣ್ಣು ತೆರೆಯಿತು.

"ಟೀಚರಮ್ಮ ಎಲ್ ಕುಂತವ್ಳೆ? ನೋಡಿದ್ಲಾ?"

"ಇಲ್ಲ. ಬಂದಿಲ್ಲ."

 ಅವರು ತೆರೆದಿದ್ದ ಆ ಒಂದು ಕಣ್ಣನ್ನೂ ಮುಚ್ಚಿಕೊಂಡರು.