ಮಾತಾಡದ ಮಂತ್ರಿಗೆ ನಿಂಬೆ ಶರಬತ್ತು

“ನಿಮ್ಮೂರ ನೀರು ಭಾಳ ರುಚಿ ಐತ್ರಿ.”

ಬಂದಾಗಿನಿಂದ ತುಟಿ ಬಿಚ್ಚದೆ ಕೂತಿದ್ದ ಮಂತ್ರಿಗಳು ಕಳೆದ ವಾರ ನಮ್ಮೂರ ಗೌಡರ ಪಡಸಾಲೆಯಲ್ಲಿ ಆಡಿದ ಮೊದಲ ಮಾತು ಇದು. ನಾವು ಅವರನ್ನು ಕರೆಸಿದ್ದೇ ನಮ್ಮೂರ ನೀರು ಬಾಯಿಗೆ ಹಾಕುವಂತಿಲ್ಲ ಎಂದು ಹೇಳುವುದಕ್ಕೆ!

ಇಂಡಿಯಿಂದ ಸಿಂದಗಿಗೆ ಹೋಗುವ ಒಳದಾರಿಯಲ್ಲಿದೆ ನಮ್ಮೂರು. ಊರ ಬಾವಿಯದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಮಾಡಿದರೆ ಹಾಲು ಒಡೆಯುತ್ತದೆ. ನನ್ನ ಅಕ್ಕ ಗಂಗವ್ವನೂ ಊರ ಹೆಂಗಸರೂ ಕುಡಿಯುವ ನೀರಿಗೆ ಹಳ್ಳದಾಚೆಯ ತೋಟದ ಬಾವಿಗೆ ಹೋಗಬೇಕು. ಯುಗಾದಿ ಆದ ಮೇಲೆ ಬರಬೇಡಿ, ನಮ್ಮ ಗಿಡಗಳಿಗೇ ಸಾಲದು ಎಂದು ಈಗ ತೋಟದವರು ಹೇಳಿಬಿಟ್ಟಿದ್ದಾರೆ. ಆಮೇಲೇನು ಗತಿ? ಆ ಮಾತು ಕೇಳಿದಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಮಂತ್ರಿಗಳ ಸ್ವಭಾವ ನೀವು ಬಲ್ಲಿರಿ. (ಹೆಸರು ಯಾಕೆ? ಮಾತಿಗೂ ತೆರಿಗೆ ಇದೆ ಎಂಬಂತೆ ಬದುಕುವವರು ನಮ್ಮ ಕಡೆ ಅವರೊಬ್ಬರೇ.) ಬಸವನ ಬಾಗೇವಾಡಿಯ ಸಭೆಯೊಂದರಲ್ಲಿ ಭಾಷಣಕಾರರೆಲ್ಲ ಅವರನ್ನು ಹೊಗಳಿ ಹೊಗಳಿ ದಣಿದರಂತೆ. ಕೊನೆಗೆ ಇವರು ಮೈಕಿನ ಮುಂದೆ ನಿಂತು, “ಇವರು ಹೇಳಿದ ಮನುಷ್ಯಾ ನನಗೂ ಇನ್ನಾ ಸಿಕ್ಕಿಲ್ಲರಿ. ಸಿಕ್ಕರ ಕಳಸ್ರಿ” ಎಂದು ಕೂತುಬಿಟ್ಟರಂತೆ.

ಇಂಥವರ ಎದುರು ನಾನು ಊರ ಪರವಾಗಿ ಮನವಿ ಓದಿದೆ. ಗೌಡರು ಮಾತಾಡಿದರು, ಪಂಚಾಯಿತಿ ಚೇರಮನ್ನರು ಮಾತಾಡಿದರು. ಮಂತ್ರಿಗಳು ತೊಲೆ ನೋಡುತ್ತ ಕೂತಿದ್ದರು. ಹೂಂ ಇಲ್ಲ, ಹಾಂ ಇಲ್ಲ. ಒಪ್ಪಿದರೋ? ಬೇಸತ್ತರೋ? ನಾನು ಧೋತರದ ಚುಂಗು ತಿರುವಿ ತಿರುವಿ ಹಗ್ಗ ಮಾಡಿದ್ದೆ.

ಆಗ ಬಂತು ಶರಬತ್ತು. ಇಂಡಿ ಸಂತೆಯಿಂದ ತರಿಸಿದ ನಿಂಬೆಹಣ್ಣು, ಸಕ್ಕರೆ, ಏಲಕ್ಕಿ, ಬೆಳ್ಳಿ ಲೋಟ. ನೀರು? ಬೆಳಗ್ಗೆಯೇ ಗಾಡಿ ಕಟ್ಟಿಸಿ ಆ ತೋಟದ ಬಾವಿಯಿಂದ ತರಿಸಿದ್ದು! ಮನೆಗೆ ಬಂದ ದೊಡ್ಡವರಿಗೆ ಸವಳು ನೀರು ಕೊಡುವುದುಂಟೇ? ಇದು ವಿಚಿತ್ರ ಎಂದು ನಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಮಂತ್ರಿಗಳು ಕುಡಿದರು. ಲೋಟ ಕೆಳಗಿಟ್ಟು ಆ ಮಾತು ಹೇಳಿದರು. ಗೌಡರಂತೂ ಅದನ್ನು ಹೊಗಳಿಕೆ ಎಂದೇ ತಿಳಿದು ಕೈಮುಗಿದರು.

ಒಳಬಾಗಿಲ ಹತ್ತಿರ ಹೆಂಗಸರೊಂದಿಗೆ ನಿಂತಿದ್ದ ಗಂಗವ್ವನಿಗೆ ತಡೆಯಲಾಗಲಿಲ್ಲ.

“ಅದು ನಮ್ಮೂರ ನೀರಲ್ಲರಿ ಸಾಹೇಬ್ರ. ನಮ್ಮೂರಿಂದು ತರ್ತೇನಿ, ತಡೀರಿ” ಎಂದವಳೇ ಹಿತ್ತಲಿನ ಕೊಡದಿಂದ ಒಂದು ತಂಬಿಗೆ ತುಂಬಿ ತಂದಿಟ್ಟಳು. ಗೌಡರು ಕಣ್ಣು ಬಿಟ್ಟು ಗದರಿದರು. ಮಂತ್ರಿಗಳು ತಂಬಿಗೆ ಎತ್ತಿದವರು ಪೂರಾ ಮುಗಿಸಿಯೇ ಇಳಿಸಿದರು. ಮುಖ ಕಿವುಚಲಿಲ್ಲ. ಬಾಯಿ ಒರೆಸಿಕೊಂಡು ನಮ್ಮ ಕಡೆ ನೋಡಿದರು.

“ನಿಮ್ಮ ಬಾವ್ಯಾಗ ಇರೂದನ್ನ ನನಗ ಕುಡಸಾಕ ನಾಚಿದ್ರಿ. ನಾಚಬೇಕಾದಾಂವ ನಾ ಅಲ್ಲೇನ್ರಿ?”

ಏಳುವಾಗ ಗಂಗವ್ವನಿಗೆ, “ಯಾವ ಸಾಹೇಬ ಬಂದ್ರೂ ಮೊದಲ ಇದನ್ನ ಕೊಡವ್ವಾ. ಅಂಜಬ್ಯಾಡ” ಎಂದು ಹೇಳಿ ಜೀಪು ಹತ್ತಿದರು. ನನ್ನ ಮನವಿ ಅವರ ಜೇಬಿನಲ್ಲಿತ್ತು. ಓದುತ್ತಾರೋ ಇಲ್ಲವೋ ಗೊತ್ತಿಲ್ಲ, ಆ ತಂಬಿಗೆಯನ್ನಂತೂ ಮರೆಯಲಾರರು.

ಅಂದಿನಿಂದ ನನಗೆ ಎಲ್ಲೆಲ್ಲೂ ಶರಬತ್ತೇ ಕಾಣುತ್ತಿದೆ. ಇನ್‌ಸ್ಪೆಕ್ಟರು ಬರುವ ದಿನ ಸಾಲೆಗೆ ಸುಣ್ಣ. ಬೀಗರು ಬರುವ ದಿನ ಪಕ್ಕದ ಮನೆಯ ಕುರ್ಚಿ. ದೊಡ್ಡ ಸಾಹೇಬರು ಬರುವ ದಿನ ರಸ್ತೆಯ ತಗ್ಗಿಗೆ ಮಣ್ಣು. ಎಲ್ಲವನ್ನೂ ನಾವೇ ಮುಚ್ಚಿ, ಸರಕಾರಕ್ಕೆ ಕಣ್ಣಿಲ್ಲ ಎಂದು ಕಟ್ಟೆಯ ಮೇಲೆ ಕೂತು ಬೈಯುತ್ತೇವೆ. ನಮಗೆ ಬುದ್ಧಿ ಬರುವುದು ಯಾವಾಗ?

ಮೊನ್ನೆ ಸುದ್ದಿ ಬಂದಿದೆ. ಬರುವ ವಾರ ಬಾವಿ ನೋಡಲು ಇಂಜಿನಿಯರ್ ಬರುತ್ತಾರೆ! ಅಕ್ಕ ತಂಬಿಗೆ ತಿಕ್ಕಿ ಥಳಥಳ ಮಾಡಿಟ್ಟಿದ್ದಾಳೆ. ಗೌಡರೂ ಸುಮ್ಮನೆ ಕೂತಿಲ್ಲ. ಸರಕಾರದ ಮನುಷ್ಯನಿಗೆ ಸವಳು ನೀರು ಕೊಟ್ಟರೆ ಊರ ಮರ್ಯಾದೆ ಏನಾಗಬೇಕು ಎನ್ನುತ್ತ, ಶರಬತ್ತಿನ ನಿಂಬೆಹಣ್ಣಿಗೆ ಮತ್ತೆ ಇಂಡಿ ಸಂತೆಗೆ ಆಳು ಕಳಿಸಲು ಹೊರಟಿದ್ದಾರೆ.

ಇಂಡಿಯ ಓದುಗರೇ, ಒಂದು ಉಪಕಾರ ಮಾಡುತ್ತೀರಾ? ಗೌಡರ ಆಳು ಬರುವುದರೊಳಗೆ ಸಂತೆಯ ನಿಂಬೆಹಣ್ಣನ್ನೆಲ್ಲ ನೀವೇ ಕೊಂಡುಬಿಡುತ್ತೀರಾ?