ಮೂರು ಕೋವಿ, ಹನ್ನೊಂದು ಮೌಂಟು

ನನ್ನ ಸೋದರಮಾವ ಹಳೇ ಬೇಟೆ ಕೋವಿಗಳ ಸಂಗ್ರಾಹಕರಾಗಿದ್ದರು ಎಂದರೆ, ಕೇಳಿದವರು ಅರಮನೆಯ ಗೋಡೆಯನ್ನೂ ಅದರ ಮೇಲೊಂದು ಹುಲಿಯ ತಲೆಯನ್ನೂ ಕಲ್ಪಿಸಿಕೊಳ್ಳುತ್ತಾರೆ. ಇದ್ದದ್ದು ಅರಸೀಕೆರೆಯ ರೈಲ್ವೆ ಗೇಟಿನಾಚೆ ಒಂದು ಸಣ್ಣ ಮನೆ, ಒಂದು ಕಬ್ಬಿಣದ ಬೀರು, ಬೀರುವಿನಲ್ಲಿ ಮೂರು ರೈಫಲ್ಲು. ಆಗಿನ ಕಾನೂನು ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಬಿಡುತ್ತಿರಲಿಲ್ಲ. ಅಂಚೆಚೀಟಿ ಕೂಡಿಸುವವನಿಗೆ ಮೂರೇ ಚೀಟಿ ಎಂದು ಸರ್ಕಾರ ಹೇಳಿದರೆ ಅವನ ಗತಿ ಏನಾಗಬೇಕೋ ಅದೇ ಗತಿ ಮಾವನದು.

ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಮನುಷ್ಯ ಸುಮ್ಮನಿರುತ್ತಾರೆಯೇ? ಕೋವಿಗೆ ಲೈಸೆನ್ಸ್ ಬೇಕು. ಕೋವಿಯ ಮೇಲೆ ದುರ್ಬೀನು ಕೂರಿಸುವ ಕಬ್ಬಿಣದ ಹಿಡಿಗೆ, ಅಂದರೆ ಮೌಂಟಿಗೆ, ಅವರನ್ನು ಯಾರೂ ಲೈಸೆನ್ಸ್ ಕೇಳಿರಲಿಲ್ಲ. ಹಾಗಾಗಿ ಮೌಂಟುಗಳು ಹನ್ನೊಂದಾದವು. ಅರೇಹಳ್ಳಿ ಕಡೆಯ ಕಾಫಿ ತೋಟದವರ ಅಟ್ಟಗಳಲ್ಲಿ ಬಿದ್ದಿದ್ದ ಪೆಟ್ಟಿಗೆಗಳನ್ನು ಕೆದಕಿ ತಂದಂಥವು ಅವು. ಒಂದು ಬೆಕ್ಕಿನ ಉಗುರಿನಂತೆ ಕಚ್ಚಿಕೊಳ್ಳುತ್ತಿತ್ತು, ಒಂದು ಹಳಿಯ ಮೇಲೆ ಜಾರಿದಂತೆ ಜಾರುತ್ತಿತ್ತು, ಇನ್ನೊಂದು ದುರ್ಬೀನನ್ನು ಕೋವಿಯ ಎಡಕ್ಕೆ ನೇತುಹಾಕುತ್ತಿತ್ತು. ಹನ್ನೊಂದರಲ್ಲಿ ಒಂದೂ ಆ ಮೂರು ಕೋವಿಗಳ ಮೇಲೆ ಕೂರುತ್ತಿರಲಿಲ್ಲ. ಕೋವಿಗಳಿಗೆ ಗುಂಡೂ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ; ಮಾವ ಕಾಗೆಯನ್ನೂ ಹೊಡೆದವರಲ್ಲ.

“ಬೇರೆಯವ್ರ ಮನೇಲಿ ಷೋಕೇಸ್ ತುಂಬ ಗೊಂಬೆ ಇರ್ತವೆ, ನಮ್ಮನೇಲಿ ತಿರುಪು,” ಎನ್ನುತ್ತಿದ್ದರು ಅತ್ತೆ.

ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿಬಂದು ಕಾಲೇಜಿನಲ್ಲಿ ತರ್ಕ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಯಾರಾದರೂ ಹಳೆಯ ಸಂಗತಿ ಎತ್ತಿದರೆ, ಅದು ಹಾಗೇ ನಡೆಯಿತೆಂದು ಹೇಗೆ ಗೊತ್ತು ಎಂದು ಕೇಳಿ ಮಾತಿನ ರುಚಿ ಕೆಡಿಸುವುದು ನನ್ನ ಸಮಾಜಸೇವೆ. ನನ್ನ ನೆನಪಿಗೂ ವಿನಾಯಿತಿ ಕೊಟ್ಟವನಲ್ಲ. ಆದ್ದರಿಂದ ಮುಂದಿನದು ನಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ ಎಂದಷ್ಟೇ ಹೇಳಬಲ್ಲೆ. ಚುನಾವಣೆ ಮುಗಿದಿತ್ತು. ಯಾವ ಚುನಾವಣೆ ಎಂದು ಕೇಳಬೇಡಿ. ಆ ದಿನಗಳಲ್ಲಿ ಅವು ಸಿಟಿ ಬಸ್ಸಿನಂತೆ ಒಂದರ ಹಿಂದೊಂದು ಬರುತ್ತಿದ್ದವು.

ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಯಲ್ಲಿಟ್ಟು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅರೇಹಳ್ಳಿ ಹತ್ತಿರದ ತೋಟದ ಯಜಮಾನರೊಬ್ಬರು, ಮಾವನ ಗೆಳೆಯರು, ಹಾಗೆ ಇಟ್ಟವರು ಬಿಡಿಸಿಕೊಳ್ಳುವ ಮೊದಲೇ ತೀರಿಕೊಂಡರು. ಅವರ ಮಗನಿಗೆ ಕೋವಿ ಬೇಡವಾಗಿತ್ತು. “ನೀವೇ ತಗೊಳ್ಳಿ, ಕಾಗದಕ್ಕೆ ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ,” ಎಂದ.

ಮಾವ ನನ್ನನ್ನು ಕರೆದುಕೊಂಡು ಆ ಠಾಣೆಗೆ ಹೋದರು. ಕೋವಿಗಳ ಕೋಣೆಯ ಮೂಲೆಯಲ್ಲಿ, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಅದು ನಿಂತಿತ್ತು. ಅದರ ಮೌಂಟಿಗೆ ಬಾಗಿಲಿನಂತೆ ಒಂದು ಕೀಲು. ದುರ್ಬೀನು ಬೇಕೆಂದಾಗ ನೆತ್ತಿಯ ಮೇಲೆ, ಬೇಡವೆಂದಾಗ ತಳ್ಳಿದರೆ ಪಕ್ಕಕ್ಕೆ.

“ನೋಡೋ, ಪಾಯಿಂಟ್ಸ್ ಎಳೆದ್ರೆ ಹಳಿ ಸರಿಯೋ ಹಂಗೆ ಸರೀತೈತೆ!” ಮಾವ ದುರ್ಬೀನನ್ನು ಪಕ್ಕಕ್ಕೆ ತಳ್ಳಿದರು, ಮತ್ತೆ ನೆತ್ತಿಗೆ ತಂದರು. ಆಮೇಲೆ ನಳಿಗೆಯ ಮೇಲೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳು ತುಕ್ಕಿನಿಂದ ಕೆಂಪಾಗಿತ್ತು. “ಇನ್ನೊಂದ್ ಮಳೆಗಾಲ ಇಲ್ಲೇ ಬಿಟ್ರೆ ಗುಜರಿಗೇ.”

ಅವರ ಬೀರುವಿನಲ್ಲಿ ನಾಲ್ಕನೆಯದಕ್ಕೆ ಕಾನೂನಿನ ಜಾಗವಿರಲಿಲ್ಲ. ಆದ್ದರಿಂದ ಲೈಸೆನ್ಸಿಗೆ ನಾನು ಅರ್ಜಿ ಹಾಕಬೇಕಾಯಿತು. ಮಾವನಿಗೆ ಬಾಣಾವರದ ದಾರಿಯಲ್ಲಿ ಒಂದಿಷ್ಟು ತೆಂಗಿನ ತೋಟವಿತ್ತು, ಅದರಲ್ಲಿ ಅಮ್ಮನ ಪಾಲು ನನ್ನ ಹೆಸರಿನಲ್ಲಿತ್ತು.

“ವಿಚಾರಣೆಗೆ ಕರೀತಾರೆ. ಯಾಕ್ ಬೇಕು ಅಂತಾರೆ. ಹಂದಿ ಕಾಟ ಅನ್ನು. ಅಷ್ಟೇ.”

“ತೆಂಗಿನ ಮರಕ್ಕೆ ಹಂದಿ ಹತ್ತುತ್ತಾ ಮಾವ?”

“ಸಸಿ ಬುಡ ಅಗೀತೈತೆ ಕಣೋ! ನಿನ್ ತರ್ಕ ಕಾಲೇಜಲ್ಲಿಟ್ಟು ಹೋಗು. ಎರಡೇ ಮಾತು. ಹಂದಿ, ಕಾಟ.”

ಎರಡು ಸ್ನಾತಕೋತ್ತರ ಪದವಿ ಪಡೆದವನಿಗೆ ಎರಡು ಪದ ಕಂಠಪಾಠ ಮಾಡುವುದೇನು ಮಹಾ. ವಿಚಾರಣೆಗೆ ಕರೆಸಿದ ಸಬ್ ಇನ್ಸ್‌ಪೆಕ್ಟರು ಮರ್ಯಾದಸ್ಥರು. ಕೂರಿಸಿ ಟೀ ಕೊಟ್ಟರು.

“ಏನ್ ಮೇಷ್ಟ್ರೇ, ಸೀಮೆಸುಣ್ಣ ಹಿಡಿಯೋ ಕೈಗೆ ಕೋವಿ ಯಾಕ್ರೀ ಬೇಕು?”

“ನನಗೇನೂ ಬೇಡ ಸಾರ್,” ಎಂದೆ. “ನಮ್ಮ ಮಾವನಿಗೆ ಬೇಕು. ಅವರಿಗೂ ಕೋವಿ ಅಂತಲ್ಲ, ಅದರ ಮೌಂಟು ಬೇಕು.”

ಹೀಗೆಂದು ನನಗೆ ನೆನಪು. ಮೊದಲು ಹಂದಿಯನ್ನು ಪ್ರಸ್ತಾಪಿಸಿದ ಇನ್ನೊಂದು ನೆನಪೂ ಇದೆ. ಅದು ಆಮೇಲೆ ನಾನೇ ಮಾಡಿಕೊಂಡ ರಿಪೇರಿ ಇರಬಹುದು. ಟೀ ಲೋಟದ ಮೇಲೆ ಅವರ ಹುಬ್ಬು ಏರಿದ್ದು, ಪೆನ್ನಿನ ಕ್ಯಾಪು ಹಾಕಿದ್ದು ಮಾತ್ರ ಎರಡರಲ್ಲೂ ಇದೆ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನಿಗೆ ಕೋವಿ ಕೊಡಿ ಎಂದು ಕಾಯಿದೆಯ ಎದುರೇ ಕೂತು, ಅದರ ಟೀ ಕುಡಿಯುತ್ತಾ ಕೇಳಿದವರು ತಾಲೂಕಿನಲ್ಲಿ ಹೆಚ್ಚು ಜನ ಇದ್ದಿರಲಾರರು. ಅರ್ಜಿ ತಿರಸ್ಕೃತವಾಯಿತು. ಅವರ ಜಾಗದಲ್ಲಿದ್ದರೆ ನಾನೂ ತಿರಸ್ಕರಿಸುತ್ತಿದ್ದೆ.

ಮಾವನಿಗೆ ಮಾತ್ರ, “ಈಗ ಯಾರಿಗೂ ಕೊಡ್ತಿಲ್ಲವಂತೆ,” ಎಂದೆ. ಸಬ್ ಇನ್ಸ್‌ಪೆಕ್ಟರ ಮುಂದೆ ಉಕ್ಕಿದ ಸತ್ಯ ರೈಲ್ವೆ ಗೇಟು ದಾಟುವಷ್ಟರಲ್ಲಿ ಇಂಗಿಹೋಗಿತ್ತು.

ಆಮೇಲೊಂದು ಭಾನುವಾರ ಹೋದಾಗ ಮಾವ ನಡುಮನೆಯ ಚಾಪೆಯ ಮೇಲೆ ಮೂರೂ ಕೋವಿಗಳನ್ನು ಮಲಗಿಸಿಕೊಂಡು ಕೂತಿದ್ದರು.

“ಯಾವ್ ಮಗೂನ ದತ್ತು ಕೊಡೋದು ಅಂತ ನೋಡ್ತಾ ಕೂತವ್ರೆ,” ಎಂದರು ಅತ್ತೆ. ನಗಲಿಲ್ಲ.

ಒಂದನ್ನು ಮಾರಿದರೆ ಠಾಣೆಯಲ್ಲಿದ್ದ ಕೋವಿಗೆ ಲೈಸೆನ್ಸಿನಲ್ಲಿ ಜಾಗವಾಗುತ್ತಿತ್ತು. ಆರಿಸುವುದಕ್ಕೇನೂ ಇರಲಿಲ್ಲ. ಎರಡರ ನಳಿಗೆ ಒಳಗೆ ತಿಂದುಹೋಗಿತ್ತು; ಯಾರೂ ಮುಟ್ಟುತ್ತಿರಲಿಲ್ಲ. ಕೇಳುವವರಿದ್ದದ್ದು ಅವರ ಮೊದಲನೆಯದಕ್ಕೆ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡು, ಹಿಡಿಯ ಮರಕ್ಕೆ ಮೂವತ್ತು ವರ್ಷ ತಮ್ಮ ಕೈಯಿಂದಲೇ ಎಣ್ಣೆ ಕುಡಿಸಿದ ಕೋವಿ ಅದು. ಬೇಲೂರಿನ ಬೆಳೆಗಾರರೊಬ್ಬರು ಒಪ್ಪಿಕೊಂಡರು. ಆಗಲೂ ನಾನು ಬಾಯಿ ಬಿಟ್ಟು, ಇನ್ನೊಮ್ಮೆ ಅರ್ಜಿ ಹಾಕುತ್ತೇನೆ, ತಪ್ಪು ನನ್ನದು ಎನ್ನಬಹುದಿತ್ತು. ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಅಂದರೆ ಹೇಳಲು ತಿಂಗಳುಗಟ್ಟಲೆ ಸಮಯವಿತ್ತು.

ಕೋವಿ ಒಪ್ಪಿಸಿ ಬೇಲೂರಿನಿಂದ ಹಿಂದಿರುಗುವಾಗ ಬಸ್ಸು ಹಳೇಬೀಡಿನಲ್ಲಿ ಟೀಗೆ ನಿಂತಿತು. ಮಾವ ಖಾಲಿ ಕ್ಯಾನ್ವಾಸ್ ಚೀಲವನ್ನು ತೊಡೆಯ ಮೇಲೆ ಮಡಚುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಚುತ್ತಿದ್ದರು. ನಾನು ಹೇಳಿಬಿಟ್ಟೆ. ಸಬ್ ಇನ್ಸ್‌ಪೆಕ್ಟರು, ಟೀ, ನನಗೆ ಬೇಡ ಸಾರ್, ಎಲ್ಲ.

ಮಾವ ಪೂರ್ತಿ ಕೇಳಿದರು.

“ನೀನು ಹಂಗಂದಿರಲ್ಲ ಬಿಡು. ಅಷ್ಟ್ ದಡ್ಡ ಅಲ್ಲ ನೀನು.”

“ಅಂದೆ ಮಾವ. ನೆನಪಿದೆ.”

“ನೆನಪಂತೆ! ನಿನ್ ಮದ್ವೆ ದಿನ ಮಳೆ ಬಂತಾ ಇಲ್ವಾ ಅಂತ ಕೇಳಿದ್ರೆ ಖಚಿತವಾಗಿ ಹೇಳಕಾಗಲ್ಲ ಅಂದೋನು ನೀನು. ನಂಗೆ ಬೇಜಾರು ಅಂತ ಮೈಮೇಲೆ ಹಾಕ್ಕೊಂತಿದೀಯ. ಟೀ ಆರ್ತೈತೆ, ಕುಡಿ.”

ವರ್ಷಗಟ್ಟಲೆ ಕಷ್ಟಪಟ್ಟು ಸಂಪಾದಿಸಿದ ಸಂಶಯವಾದ ಹೀಗೆ ನನ್ನನ್ನು ನಿರಪರಾಧಿ ಮಾಡಿತು. ಆಣೆ ಇಟ್ಟು ಹೇಳೋಣವೆಂದರೆ ದೇವರನ್ನೂ ಅನುಮಾನಿಸಿ ಆಗಿತ್ತು.

ಕೀಲಿನ ಮೌಂಟಿನ ಕೋವಿ ಮಳೆಗಾಲಕ್ಕೆ ಮುಂಚೆ ಮನೆಗೆ ಬಂತು. ಅದರ ದುರ್ಬೀನು ಅದ್ಭುತವಾಗಿ ಸರಿಯುತ್ತಿತ್ತು. ಆದರೆ ಪ್ರತಿ ಸಲ ಹಿಂದಿರುಗಿ ಬಂದು ಕೂರುವಾಗ ಬೇರೆ ಬೇರೆ ಕಡೆ ನೋಡುತ್ತಿತ್ತು. ಗುರಿಯಿಡುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ದೋಷ ಇರಲಾರದು. ಮಾವನಿಗೆ ಅದರಿಂದ ಒಂದು ಚೂರೂ ಬೇಸರವಾಗಲಿಲ್ಲ. ಅತ್ತೆಗೆ ತೋರಿಸಿದರು, ಹಾಲಿನವನಿಗೆ ತೋರಿಸಿದರು. ನಡುನಡುವೆ ನನ್ನನ್ನು ಕೇಳುತ್ತಿದ್ದರು: “ಬೇಲೂರು ಕಡೆ ಹೋಗಿದ್ಯೇನೋ? ಅವ್ರು ಅದುಕ್ಕೆ ಎಣ್ಣೆ ಗಿಣ್ಣೆ ಹಾಕ್ತಾರಂತಾ?”

ಒಮ್ಮೆ ಹೋಗಿ ನೋಡಿದೆ. ಹಾಕುತ್ತಿರಲಿಲ್ಲ. ಟೀವಿಯ ಮೇಲಿನ ಗೋಡೆಯಲ್ಲಿ, ಪ್ಲಾಸ್ಟಿಕ್ ಹೂವಿನ ಪಕ್ಕ ಕೋವಿ ನೇತಾಡುತ್ತಿತ್ತು, ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. “ಹಾಕ್ತಾರೆ ಮಾವ, ಚೆನ್ನಾಗಿ ನೋಡ್ಕೊಂಡಿದ್ದಾರೆ,” ಎಂದೆ. ಅದನ್ನವರು ತಕ್ಷಣ ನಂಬಿದರು.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬೇಲೂರಿನ ಬಸ್ಸು ಹತ್ತುವುದು ರೂಢಿಯಾಯಿತು. ಕಾಲೇಜಿನ ಚೀಲದಲ್ಲಿ ಹಳೇ ಬನಿಯನ್ನಿನ ಚೂರು, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಸಣ್ಣ ಬಾಟಲಿ. ಬೆಳೆಗಾರರು ಒಳ್ಳೆಯವರು.

“ಏನ್ ಮೇಷ್ಟ್ರೇ, ಮತ್ತೆ ದೇವಸ್ಥಾನ ನೋಡಕ್ ಬಂದ್ರಾ? ಎಷ್ಟ್ ಸಲ ನೋಡ್ತೀರ್ರೀ ಅದೇ ಕಲ್ಲು?”

“ಪ್ರತಿ ಸಲ ಹೊಸದು ಏನಾದ್ರೂ ಕಾಣುತ್ತೆ,” ಎನ್ನುತ್ತಿದ್ದೆ.

“ಸರಿ ಸರಿ, ಸ್ಟೂಲು ಅಲ್ಲೇ ಐತೆ,” ಎನ್ನುತ್ತಾ ಅವರು ಕಾಫಿಗೆ ಹೇಳಲು ಒಳಗೆ ಹೋಗುತ್ತಿದ್ದರು. ನಾನು ಸ್ಟೂಲು ಹತ್ತಿ ಕೋವಿ ಇಳಿಸುತ್ತಿದ್ದೆ.