ಪುಕ್ಕಟೆ ಬೇರೆ, ಖುಲ್ಲಾ ಬೇರೆ

ಕಾಕಾರ ಎಡಗೈಯಲ್ಲಿ ತೋರುಬೆರಳು ಇರಲಿಲ್ಲ. ಮರಾಠಿ ನಾಡಿನ ಶೇಂದ್ರಾದಲ್ಲಿದ್ದ ನಮ್ಮ ಕಾರ್ಖಾನೆಯ ಪ್ರೆಸ್ ಯಂತ್ರ ಅದನ್ನು ತಿಂದುಹಾಕಿತ್ತು. ಆಮೇಲೆ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದರು, ಸುಮ್ಮನೆ ಕೂತಿರಲಿ ಎಂದು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಉಳಿದ ಒಂಬತ್ತು ಬೆರಳುಗಳಲ್ಲಿ ಟೈಪಿಂಗ್ ಕಲಿತರು, ಪುಸ್ತಕ ಓದಿ ಓದಿ ಡೇಟಾಬೇಸ್ ಕಲಿತರು. ನಾನು ಕೆಲಸಕ್ಕೆ ಸೇರಿದಾಗ ಇಡೀ ವಿಭಾಗ ಅವರ ಕೈಯಲ್ಲೇ ಇತ್ತು. ಅವರು ಬೀದರಿನವರು, ನಾನು ಕಲಬುರಗಿಯವಳು. ಮೊದಲ ದಿನವೇ ಅವರು ನನ್ನನ್ನು ತಂಗಿ ಎಂದು ಕರೆದರು, ನಾನೂ ಎಲ್ಲರಂತೆ ಅವರನ್ನು ಕಾಕಾ ಎಂದೆ.

ನಮ್ಮಲ್ಲಿ ಬ್ರೇಕಿನ ಭಾಗಗಳು ತಯಾರಾಗುತ್ತಿದ್ದವು. ಎಲ್ಲೋ ಒಂದು ಬ್ರೇಕ್ ಮುರಿದರೆ ಅದು ಯಾವ ಪಾಳಿಯಲ್ಲಿ, ಯಾವ ಯಂತ್ರದಲ್ಲಿ ಆದದ್ದು ಎಂದು ಹೇಳಲು ನಮ್ಮ ಡೇಟಾಬೇಸ್ ಒಂದೇ ಸಾಕ್ಷಿ. ಕಾಕಾ ಅದನ್ನು, ಒಳರಚನೆಯನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕಟ್ಟಿದ್ದರು. ಒಂದು ದಿನ ಪುಣೆಯಿಂದ ಟೈ ಕಟ್ಟಿದ ಮಾರಾಟಗಾರನೊಬ್ಬ ಬಂದು, ತನ್ನ ಕಂಪನಿಯ ಡೇಟಾಬೇಸಿನ ಉಚಿತ ಆವೃತ್ತಿ ಹಾಕಿಕೊಳ್ಳಿ ಎಂದ. ನಮ್ಮ ಮರಾಠಿ ಮ್ಯಾನೇಜರ್ ಹಿಗ್ಗಿದರು. ಅದಕ್ಕೊಂದು ಮಿತಿ ಇದೆ, ಅದು ತುಂಬಿದ ಮೇಲೆ ಹೊಸ ದಾಖಲೆ ಒಂದೂ ಒಳಗೆ ಹೋಗುವುದಿಲ್ಲ ಎಂದು ಕಾಕಾ ಸಭೆಯಲ್ಲೇ ಹೇಳಿದರು. ಅದು ಬರೀ ಪುಕ್ಕಟೆ, ನಮ್ಮ ಓಪನ್ ಸೋರ್ಸ್ ಖುಲ್ಲಾ ಎಂದರು.

ಆ ಶಬ್ದವೇ ಅವರಿಗೆ ಮುಳುವಾಯಿತು. ಖುಲ್ಲಾ ಎಂದರೆ ಬಾಗಿಲು ತೆರೆದಿಟ್ಟದ್ದು, ಕಂಪನಿಯ ಗುಟ್ಟನ್ನು ಯಾರು ಬೇಕಾದರೂ ನೋಡಬಹುದು ಎಂದು ತಿಳಿದು ಮ್ಯಾನೇಜರ್ ಹೌಹಾರಿದರು. ಕಾಕಾ ಮರಾಠಿಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ಕಾಕಾ ನನಗೆ ಹೇಳಿದರು:

“ಕೀಲಿ ಹೆಂಗ ಮಾಡ್ಯಾರ ಅಂತ ಎಲ್ಲಾರೂ ನೋಡಬಹುದು ತಂಗಿ. ಕೀಲಿಕೈ ನಮ್ಮ ಕಿಸೇದಾಗೇ ಇರ್ತದ. ಆ ಟೈನಾಂವ ಕೀಲಿ ಪುಕ್ಕಟೆ ಕೊಟ್ಟು ಕೀಲಿಕೈ ತಾನಽ ಇಟ್ಕೋತಾನ.”

ಬದಲಾವಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಇಲ್ಲವೇ ಪ್ರೆಸ್ ಶಾಪಿಗೆ ವಾಪಸು ಹೋಗಿ ಎಂದರು ಮ್ಯಾನೇಜರ್. ಕಾಕಾ ಪೆನ್ನು ಮುಟ್ಟಲಿಲ್ಲ. ತಮ್ಮ ಬೆರಳು ತಿಂದ ಯಂತ್ರದ ಮುಂದೆಯೇ ಹೋಗಿ ನಿಂತರು. ಅವರ ಕುರ್ಚಿಯಲ್ಲಿ ಕೂತು ಅವರ ಬದಲು ಸಹಿ ಹಾಕಿದವಳು ನಾನು. ಗೊತ್ತಿದ್ದೂ ಹಾಕಿದೆ. ಕೆಲಸ ಹೋದೀತೆಂಬ ಹೆದರಿಕೆ, ಬೇರೇನಲ್ಲ.

ಎರಡನೇ ವರ್ಷ ಒಂದು ಬೆಳಿಗ್ಗೆ ಡೇಟಾಬೇಸ್ ತುಂಬಿತು. ಹೊಸ ದಾಖಲೆ ಹೋಗದು, ದಾಖಲೆಯಿಲ್ಲದೆ ತಪಾಸಣೆಯ ಚೀಟಿ ಬಾರದು, ಚೀಟಿಯಿಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಫೋನು ಮಾಡಿದರೆ ಟೈನವನು ದೊಡ್ಡ ಆವೃತ್ತಿ ಕೊಳ್ಳಿ ಎಂದ. ಕೊನೆಗೆ ಮ್ಯಾನೇಜರ್ ತಾವೇ ಪ್ರೆಸ್ ಶಾಪಿಗೆ ಹೋಗಿ ಕಾಕಾರನ್ನು ಕರೆತಂದರು. ಎಣ್ಣೆಗೈ ಒರೆಸಿಕೊಂಡು ಕೂತವರು ಸಂಜೆಯೊಳಗೆ ಎಲ್ಲವನ್ನೂ ಖುಲ್ಲಾ ಡೇಟಾಬೇಸಿಗೆ ಸಾಗಿಸಿ ಎದ್ದರು. ಕುರ್ಚಿ ಮತ್ತೆ ನಿಮ್ಮದೇ ಎಂದರು ಮ್ಯಾನೇಜರ್. ಕಾಕಾ ಒಲ್ಲೆ, ಇವಳೇ ಇರಲಿ ಎಂದು ನನ್ನ ಕಡೆ ತಿರುಗಿದರು.

“ಈ ಕುರ್ಚಿ ಮ್ಯಾಲೆ ಕುಂತವರಿಗೆ ಬ್ಯಾಡ ಅನ್ನಲಾಕ ಬರಬೇಕು ತಂಗಿ.”

ಪ್ರೆಸ್ ಶಾಪಿನಿಂದಲೇ ನಿವೃತ್ತರಾದರು. ಅವರು ತೀರಿಹೋಗಿ ಈಗ ಕೆಲವು ವರ್ಷಗಳಾದವು. ನನ್ನ ಸಹಿಯ ಬಗ್ಗೆ ಕೊನೆಯವರೆಗೂ ನೇರವಾಗಿ ಒಂದು ಮಾತೆತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚುವುದು. ಈಗ ನಾನಿರುವ ನಾಸಿಕದ ಕಚೇರಿಯಲ್ಲಿ ಅಂಥ ಒಪ್ಪಿಗೆ ಪತ್ರ ಬಂದಾಗಲೆಲ್ಲ ಬೇಡ ಎನ್ನುತ್ತೇನೆ, ಯಾಕೆ ಬೇಡ ಎಂದೂ ಹೇಳುತ್ತೇನೆ. ಹಟಮಾರಿ ಹೆಂಗಸು ಎನ್ನುತ್ತಾರೆ. ಎನ್ನಲಿ.